ರಿಚರ್ಡ್ ಆಡಮ್ಸನ ಪ್ರಾಣಿಲೋಕ

ಪ್ರಾಣಿಗಳನ್ನು ಮಾತನಾಡಿಸುವ ಕಥೆಯು ಕನ್ನಡಿಗರಿಗೆ ಹೊಸತಲ್ಲ. ದುರ್ಗಸಿಂಹನ ಪಂಚತಂತ್ರದಲ್ಲಿ ಸಿಂಹವೂ ವೃಷಭವೂ ನರಿಯೂ ರಾಜನೀತಿಯನ್ನು ನುಡಿಯುತ್ತವೆ; ಆದರೆ ಅವು ಮೃಗವೇಷದ ಮನುಷ್ಯರೇ ಸರಿ. ಇಂಗ್ಲೆಂಡಿನ ಕಾದಂಬರಿಕಾರ ರಿಚರ್ಡ್ ಆಡಮ್ಸನ (1920–2016) ಮೊಲಗಳಾದರೋ ಮಾತನಾಡಿಯೂ ಮೊಲಗಳಾಗಿಯೇ ಉಳಿಯುತ್ತವೆ. ಆತನ ಕಲೆಯ ಬಲವೂ ಪ್ರಾಣಿದಯೆಯ ಬಲವೂ ಇದರಲ್ಲಿಯೇ ಅಡಗಿವೆ. ಇದನ್ನು ಆತನು ಮರೆತಲ್ಲಿ ಎರಡೂ ಕುಂದಿವೆ.

ಬರ್ಕ್‌ಷೈರಿನ ನ್ಯೂಬರಿಯ ಬಳಿ ಬೆಳೆದ ಆಡಮ್ಸನು ಆಕ್ಸ್‌ಫರ್ಡಿನಲ್ಲಿ ಚರಿತ್ರೆಯನ್ನು ಓದಿ, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದು, 1948ರಲ್ಲಿ ಸರ್ಕಾರದ ನೌಕರಿಗೆ ಸೇರಿದನು. ಐವತ್ತು ವರ್ಷ ದಾಟುವವರೆಗೆ ಆತನ ಒಂದು ಕಾದಂಬರಿಯೂ ಪ್ರಕಟವಾಗಿರಲಿಲ್ಲ. ಮೋಟಾರು ಪ್ರಯಾಣದಲ್ಲಿ ಹೆಣ್ಣುಮಕ್ಕಳಿಬ್ಬರ ಬೇಸರವನ್ನು ಕಳೆಯಲು ಹೇಳಿದ ಕಥೆಯೇ ಅವರ ಒತ್ತಾಯದಿಂದ ‘ವಾಟರ್‌ಶಿಪ್ ಡೌನ್’ ಆಯಿತು. ಅನೇಕ ಪ್ರಕಾಶಕರು ತಿರಸ್ಕರಿಸಿದ ಹಸ್ತಪ್ರತಿಯನ್ನು ರೆಕ್ಸ್ ಕಾಲಿಂಗ್ಸನು 1972ರಲ್ಲಿ ಅಚ್ಚುಮಾಡಿಸಿದನು. ಅದಕ್ಕೆ ಕಾರ್ನೆಗಿ ಪದಕವು ದೊರೆಯಿತು. 1974ರಲ್ಲಿ ಆಡಮ್ಸನು ನೌಕರಿಯನ್ನು ಬಿಟ್ಟು ಬರಹಕ್ಕೇ ನಿಂತನು.

ಗ್ರಂಥದ ಕಥೆ ಸರಳವಾದುದು. ಫೈವರ್ ಎಂಬ ಸಣ್ಣ ಮೊಲಕ್ಕೆ ತಮ್ಮ ನೆಲೆಗೆ ಒದಗಲಿರುವ ನಾಶದ ಮುನ್ಸೂಚನೆಯಾಗುತ್ತದೆ. ಅದರ ಅಣ್ಣ ಹೇಜಲ್ ಕೆಲವರನ್ನು ಕಟ್ಟಿಕೊಂಡು ಹೊಸ ಗುಡ್ಡವನ್ನು ಅರಸಿ ಹೊರಡುತ್ತದೆ. ಹಿಂದುಳಿದವರ ಬಿಲಗಳನ್ನು ಮನೆ ಕಟ್ಟುವವರು ವಿಷವಾಯುವಿನಿಂದ ಹಾಳುಮಾಡುತ್ತಾರೆ. ಇದನ್ನು ಬರೆದವನೇ ವಸತಿ ಇಲಾಖೆಯಲ್ಲಿ ದುಡಿದವನೆಂಬುದು ಗಮನಾರ್ಹವಾಗಿದೆ.

ಮೊಲಗಳ ನಡವಳಿಕೆಗೆ ಆಡಮ್ಸನು ಆರ್. ಎಂ. ಲಾಕ್ಲಿಯು 1964ರಲ್ಲಿ ಪ್ರಕಟಿಸಿದ ಶಾಸ್ತ್ರೀಯ ಗ್ರಂಥವನ್ನು ಆಧಾರವಾಗಿಟ್ಟುಕೊಂಡನು. ಈ ಕಟ್ಟುಪಾಡಿನಿಂದ ಕಲ್ಪನೆಯು ಸೊರಗಲಿಲ್ಲ, ಪುಷ್ಟವಾಯಿತು. ಆತನ ಮೊಲಗಳಿಗೆ ನಾಲ್ಕರ ಮೇಲೆ ಎಣಿಕೆಯಿಲ್ಲ; ಅದಕ್ಕೆ ಮೀರಿದುದೆಲ್ಲ ‘ಹ್ರೇರ್’, ಎಂದರೆ ಅಸಂಖ್ಯ. ಅವುಗಳ ಪುರಾಣಪುರುಷನ ಹೆಸರೇ ಅಸಂಖ್ಯ ಶತ್ರುಗಳುಳ್ಳ ರಾಜಕುಮಾರನೆಂಬ ಅರ್ಥವುಳ್ಳದ್ದು. ದಾರಿಯಲ್ಲಿ ಸಿಗುವ ಒಂದು ನೆಲೆಯ ಚಿತ್ರವು ಗ್ರಂಥದ ಶಿಖರವೆನ್ನಬಹುದು. ಅಲ್ಲಿ ರೈತನೇ ಆಹಾರ ಸುರಿಯುತ್ತಾನೆ, ರೈತನೇ ಉರುಲು ಒಡ್ಡುತ್ತಾನೆ; ಕಾಣೆಯಾದವರ ವಿಚಾರವನ್ನು ಯಾರೂ ಕೇಳಕೂಡದು. ಕೊಬ್ಬಿದ ಆ ಮೊಲಗಳಿಗೆ ಹಿರಿಯರ ಸಾಹಸಕಥೆಗಳು ರುಚಿಸುವುದಿಲ್ಲ.

ದೋಷವಿಲ್ಲವೆಂದಲ್ಲ. ಹೆಣ್ಣುಮೊಲಗಳು ಬಹುಮಟ್ಟಿಗೆ ಸಂತಾನಕ್ಕಾಗಿ ತರಬೇಕಾದ ಜೀವಿಗಳಾಗಿಯೇ ಉಳಿದಿವೆ. 1996ರ ಉತ್ತರಕಥೆಗಳಲ್ಲಿ ಹೈಜೆನ್ಥ್ಲೇ ಎಂಬ ಹೆಣ್ಣಿಗೆ ನಾಯಕತ್ವದಲ್ಲಿ ಪಾಲು ಕೊಟ್ಟು ಕರ್ತೃವು ಕೊರತೆಯನ್ನು ತಡವಾಗಿ ತುಂಬಲೆತ್ನಿಸಿದ್ದಾನೆ.

1977ರ ‘ಪ್ಲೇಗ್ ಡಾಗ್ಸ್’ ಇನ್ನೊಂದು ಬಗೆಯದು. ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡ ಎರಡು ನಾಯಿಗಳ ಪಾಡು ಮರೆಯುವಂತಹುದಲ್ಲ. ನೀರಿನಲ್ಲಿ ಪದೇಪದೇ ಮುಳುಗಿಸಲ್ಪಟ್ಟ ರೌಫನ ಭಯವನ್ನು ಓದುವವರ ಎದೆ ನಡುಗುತ್ತದೆ. ಆದರೆ ವಿಜ್ಞಾನಿಗಳೂ ಪತ್ರಿಕಾಕರ್ತರೂ ಬಂದೊಡನೆ ಕಥೆ ನಿಂತು ವಿಡಂಬನೆ ಮೊದಲಾಗುತ್ತದೆ. ಕೊನೆಗೆ ಪೀಟರ್ ಸ್ಕಾಟ್ ಮತ್ತು ಲಾಕ್ಲಿ ಎಂಬ ನಿಜವಾದ ಪ್ರಕೃತಿಸಂರಕ್ಷಕರೇ ಕಥೆಯೊಳಗೆ ಬಂದು ನಾಯಿಗಳನ್ನು ಕಡಲಿನಿಂದೆತ್ತುತ್ತಾರೆ. ಕರುಣೆಯಿಂದ ಹುಟ್ಟಿದ ಈ ಮುಕ್ತಾಯವು ಕಥೆಯಿಂದ ಹುಟ್ಟಿದುದಲ್ಲ.

ಆತನ ಕರುಣೆ ಬರಿಯ ಬಾಯಿಮಾತಾಗಿರಲಿಲ್ಲ. 1980ರಿಂದ 1982ರವರೆಗೆ ಪ್ರಾಣಿಹಿಂಸಾ ನಿವಾರಣೆಯ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದು, ತುಪ್ಪುಳು ಚರ್ಮದ ವ್ಯಾಪಾರವನ್ನು ಬಹಿರಂಗವಾಗಿ ಖಂಡಿಸಿದನು. ವೇದಿಕೆಯ ಮೇಲೆ ಖಂಡನೆಯು ಭೂಷಣವೇ. ಕಾದಂಬರಿಯಲ್ಲಿ ಮಾತ್ರ ಪ್ರಾಣಿಯು ತನ್ನ ಬಾಳನ್ನು ಬಾಳಿ ತೋರಿಸಿದರೆ ಸಾಕು. ಉಪದೇಶವು ಕಡಮೆಯಾದ ಮೊದಲ ಗ್ರಂಥವೇ ಆಡಮ್ಸನ ಮನಸ್ಸಿನಲ್ಲಿದ್ದ ಧರ್ಮವನ್ನು ಹೆಚ್ಚಾಗಿ ಸಾಧಿಸಿದೆ. ಅದನ್ನು ಓದಿದ ಸಹೃದಯನು ಬೇಲಿಯಂಚಿನ ಬಿಲವನ್ನು ಹಿಂದಿನಂತೆ ನೋಡಲಾರನು.