ಅಲಮೇಲಮ್ಮನ ಶಾಪ: ಒಂದು ಮರುವಿಚಾರ

ಕಳೆದ ದಸರಾ ರಜೆಯಲ್ಲಿ ಲಿಂಗಂಪಲ್ಲಿಯ ನಮ್ಮ ಮನೆಗೆ ಪಕ್ಕದ ಮನೆಯ ಹುಡುಗಿ ದಿನವೂ ಬರುತ್ತಿದ್ದಳು. ಕೈಯಲ್ಲೊಂದು ದಪ್ಪ ಇಂಗ್ಲಿಷ್ ಕಾದಂಬರಿ. ಅದರಲ್ಲಿ ಎಲ್ಲೂ ಇಲ್ಲದ ಲೋಕವೊಂದರ ನಕ್ಷೆ, ನಕ್ಷೆಯ ಮೂಲೆಯಲ್ಲೊಂದು ಶಾಪಗ್ರಸ್ತ ದ್ವೀಪ, ಆ ದ್ವೀಪಕ್ಕೊಂದು ಉದ್ದನೆಯ ಇತಿಹಾಸ. "ಕನ್ನಡದಲ್ಲಿ ಇಂಥದ್ದಿದೆಯೆ ಮಾಮಾ?" ಎಂದಳು. ಇಲ್ಲವೆನ್ನಲು ನಮ್ಮ ಅಭಿಮಾನ ಒಪ್ಪೀತೆ? ಕಾವೇರಿಯ ನಡುವಿನ ಶ್ರೀರಂಗಪಟ್ಟಣದಿಂದ ಹೊರಡುವ ಅಲಮೇಲಮ್ಮನ ಕಥೆಯನ್ನು ಹೇಳಿದೆವು.

ಕಥೆ ವಾಚಕರಿಗೆ ಗೊತ್ತಿರುವುದೇ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣವನ್ನು ಆಳುತ್ತಿದ್ದ ತಿರುಮಲರಾಯನಿಗೆ (ಜನರ ಬಾಯಲ್ಲಿ ಆತ ಶ್ರೀರಂಗರಾಯ) ಬೆನ್ನುಫಣಿ ಎದ್ದಿತು. ವಾಸಿಯಾಗಲೆಂದು ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಹೋದವನು ಅಲ್ಲೇ ತೀರಿಕೊಂಡ. 1610ರಲ್ಲಿ ದ್ವೀಪ ಮೈಸೂರಿನ ರಾಜ ಒಡೆಯರ ಕೈಸೇರಿತು. ಗೆದ್ದು ಪಡೆದರೋ, ರಾಯನೇ ಬಿಟ್ಟುಕೊಟ್ಟನೋ, ಬರೆದವರಲ್ಲಿ ಒಮ್ಮತವಿಲ್ಲ. ವಿಧವೆ ಅಲಮೇಲಮ್ಮನ ಬಳಿ ರಂಗನಾಯಕಿ ಅಮ್ಮನವರಿಗೆ ಮಂಗಳವಾರ, ಶುಕ್ರವಾರ ತೊಡಿಸುವ ಒಡವೆಗಳಿದ್ದವು. ಅರಸರು ಕೇಳಿ ಕಳುಹಿಸಿದರು. ಆಕೆ ಮುತ್ತಿನ ಮೂಗುತಿಯನ್ನಷ್ಟೇ ಕೊಟ್ಟಳು. ಉಳಿದುದಕ್ಕಾಗಿ ದಂಡು ಬಂದಾಗ ಒಡವೆಯ ಗಂಟಿನೊಂದಿಗೆ ಮಾಲಂಗಿಯ ಬಳಿ ಹೊಳೆಗೆ ಹಾರಿದಳು. ಹಾರುವ ಮುನ್ನ ಮೂರು ಶಾಪ ಕೊಟ್ಟಳು: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರಿನ ದೊರೆಗಳಿಗೆ ಸಂತಾನಹೀನತೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅವಳು ಕಳೆದುಕೊಂಡದ್ದು ದ್ವೀಪ. ದ್ವೀಪಕ್ಕೆ ಯಾಕೆ ಶಾಪ ಕೊಡಲಿಲ್ಲ?"

ನಮ್ಮಲ್ಲಿ ಉತ್ತರವಿರಲಿಲ್ಲ. ದಿನವಿಡೀ ಕಡತಗಳ ನಡುವೆ ಕೂರುವ ಗುಮಾಸ್ತರಾದ ನಮಗೆ ವಿಳಾಸ ತಪ್ಪಿದ ಪತ್ರವೆಂದರೆ ಏನೆಂದು ಗೊತ್ತು. ಈ ಶಾಪವೂ ಅಂಥದೇ. ತಲಕಾಡು ಆಕೆಯ ಗಂಡನಿಗೆ ಕೊನೆಗಾಲದಲ್ಲಿ ನೆರಳು ಕೊಟ್ಟ ಊರು. ಮಾಲಂಗಿ ಮಾಡಿದ ತಪ್ಪು ಯಾವುದೂ ಕಥೆಯಲ್ಲಿಲ್ಲ. ಜಗಳದ ಮೂಲವಾದ ದ್ವೀಪದ ಹೆಸರು ಶಾಪದಲ್ಲೇ ಇಲ್ಲ. ಕಥೆಯಾಗಿ ನೋಡಿದರೆ ಇದು ದೊಡ್ಡ ದೋಷ. ಆದರೆ ದೋಷವಿರುವಲ್ಲೇ ಕಥೆ ಕಟ್ಟಿದವರ ಕೈ ಕಾಣಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಮರಳನ್ನು ನೋಡೋಣ. ತಲಕಾಡಿನಲ್ಲಿ ಹೊಳೆ ದೊಡ್ಡ ತಿರುವು ಪಡೆಯುತ್ತದೆ. ನೀರು ತಗ್ಗಿದಾಗ ಪಾತ್ರದ ಮರಳು ಬಯಲಿಗೆ ಬೀಳುತ್ತದೆ, ಗಾಳಿ ಅದನ್ನು ಊರಿನತ್ತ ತರುತ್ತದೆ. ಊರಿನ ಮೇಲ್ಭಾಗದಲ್ಲಿ ಹೊಳೆಗೆ ಅಡ್ಡವಾಗಿರುವ ಮಾಧವಮಂತ್ರಿ ಕಟ್ಟೆ ಹದಿನಾಲ್ಕನೆಯ ಶತಮಾನದ್ದೆನ್ನುತ್ತಾರೆ. ಆ ಕಟ್ಟೆಯಿಂದ ನೀರು ಕಡಿಮೆಯಾಗಿ ಮರಳು ಎದ್ದಿತೆಂದು ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು ವಾದಿಸಿದ್ದಾರೆ. ಬಿ.ಎಸ್ಸಿ. ಓದಿದ ನಮಗೆ ಈ ವಾದ ಒಪ್ಪಿಗೆಯಾಗುತ್ತದೆ. ಹಾಗಿದ್ದರೆ ಮರಳಿನ ಕಾರಣ ಅಲಮೇಲಮ್ಮನಿಗಿಂತ ಇನ್ನೂರು ವರ್ಷಕ್ಕೂ ಹಳೆಯದು. ಶಾಪ ಮರಳನ್ನು ತರಲಿಲ್ಲ, ಮರಳೇ ಶಾಪವನ್ನು ತಂದಿತು.

ಇನ್ನು ದ್ವೀಪ. 1610ರ ನಂತರ ಶ್ರೀರಂಗಪಟ್ಟಣ ಸುಮಾರು 190 ವರ್ಷ ರಾಜಧಾನಿಯಾಗಿ ಮೆರೆಯಿತು. ಮೆರೆಯುತ್ತಿರುವ ಊರಿಗೆ ಹಾಳಾಗಲೆಂಬ ಶಾಪ ತಟ್ಟಿತೆಂದರೆ ನಂಬುವವರು ಯಾರು? ಶಾಪದ ಮಾತು ಹುಟ್ಟಿದ್ದು ಆ ಕಾಲದಲ್ಲೇ ಇರಬೇಕೆಂದು ನಮ್ಮ ಊಹೆ. ಕಟ್ಟಿದವರು ದಿನವೂ ಮರಳನ್ನೂ ಮಡುವನ್ನೂ ಕಾಣುತ್ತಿದ್ದ ಹೊಳೆಯ ಕೆಳಗಿನವರು. ದ್ವೀಪಕ್ಕೆ ನಿಜವಾದ ಕೇಡುಗಾಲ ಬಂದದ್ದು ಆಮೇಲೆ. 1799ರ ಮೇ 4ರಂದು ಟಿಪ್ಪು ಬಿದ್ದ, ರಾಜಧಾನಿ ಮೈಸೂರಿಗೆ ಹೋಯಿತು, ದ್ವೀಪ ಕಂಪನಿಯ ವಶವಾಯಿತು. ಜ್ವರದ ಕಾಟ ತಾಳಲಾರದೆ 1809ರಲ್ಲಿ ಕಂಪನಿಯ ದಂಡೂ ಬೆಂಗಳೂರಿಗೆ ಸರಿಯಿತು. ನಿಜಕ್ಕೂ ಬರಿದಾದ ಆ ದ್ವೀಪಕ್ಕೆ ಇಷ್ಟು ಹೆಸರಾದ ಶಾಪದ ಮಾತನ್ನು ಯಾರೂ ಕಟ್ಟಲಿಲ್ಲ. ಅಷ್ಟರಲ್ಲಿ ಶಾಪದ ಪಟ್ಟಿ ಭರ್ತಿಯಾಗಿತ್ತು.

ನಾವಿರುವ ಊರಿನ ಹೊಳೆಯನ್ನೇ ತೆಗೆದುಕೊಳ್ಳಿ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಹೈದರಾಬಾದಿನ ಸಾವಿರಾರು ಜನರನ್ನು ಒಯ್ದಿತು. ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಕೇಳಿದ್ದು ಶಾಪ ಯಾರದೆಂದಲ್ಲ, ಮಳೆ ಎಷ್ಟು, ನೀರು ಬಂದದ್ದು ಎಲ್ಲಿಂದ ಎಂದು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಪ್ರಶ್ನೆಗೆ ಸಿಕ್ಕ ಉತ್ತರ.

ಶಾಪದ ಮೂರನೆಯ ಮಾತನ್ನು ಮಾತ್ರ ನಮಗೆ ಇಷ್ಟು ಸಲೀಸಾಗಿ ವಿಮರ್ಶಿಸಲಾಗದು. ನಮ್ಮದು ಮಕ್ಕಳಿಲ್ಲದ ಮನೆ. ಕಥೆಯ ಆ ಭಾಗ ಬಂದಾಗ ನಮ್ಮ ಮನೆಯವರು ಕಾಫಿ ಲೋಟಗಳನ್ನೆತ್ತಿಕೊಂಡು ಒಳಗೆ ಹೋದರು. ಸಂಘದ ಸಮಾರಂಭಗಳಲ್ಲಿ "ಯಾರ ಶಾಪವೋ ಏನೋ" ಎಂಬ ಪಿಸುಮಾತು ನಮ್ಮ ಕಿವಿಗೂ ಬಿದ್ದಿದೆ. ಹೇಳಿದವರು ಕೆಟ್ಟವರಲ್ಲ. ಇಂಥ ಕಥೆಗಳನ್ನು ಕೇಳಿ ಬೆಳೆದವರು, ನಮ್ಮ ಹಾಗೆಯೇ.

ಆದ್ದರಿಂದ ಇತಿಹಾಸವನ್ನು ತೆರೆದು ನೋಡಿದೆವು. ರಾಜ ಒಡೆಯರ ಹಿರಿಯ ಮಕ್ಕಳು ಅವರಿಗಿಂತ ಮೊದಲೇ ತೀರಿಕೊಂಡದ್ದು ನಿಜ. 1617ರಲ್ಲಿ ಪಟ್ಟಕ್ಕೆ ಬಂದವನು ಮೊಮ್ಮಗ. ಆದರೆ ಅರಸರು ಸತ್ತ ಮೇಲೆ ಹುಟ್ಟಿದ ಮಗ ಇಮ್ಮಡಿ ರಾಜ ಒಡೆಯರು 1637ರಲ್ಲಿ ಪಟ್ಟವೇರಿದರು. ಚಿಕ್ಕದೇವರಾಜರ ನಂತರ ಮಗ ಕಂಠೀರವ, ಆತನ ನಂತರ ಮಗ ಕೃಷ್ಣರಾಜ. ಮೂರು ತಲೆಮಾರು ತಂದೆಯಿಂದ ಮಗನಿಗೆ ಸಿಂಹಾಸನ ದಾಟಿತು. ಜಯಚಾಮರಾಜ ಒಡೆಯರಿಗೆ ಒಬ್ಬ ಮಗ, ಐವರು ಹೆಣ್ಣುಮಕ್ಕಳು. ಆ ಮಗ ಶ್ರೀಕಂಠದತ್ತ ಒಡೆಯರು 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಶಾಪವೆಂದರು. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರಲ್ಲಿ ಮಗ ಹುಟ್ಟಿದಾಗ ವಿಮೋಚನೆಯೆಂದರು. ಆ ಐವರು ಹೆಣ್ಣುಮಕ್ಕಳು ಲೆಕ್ಕಕ್ಕಿಲ್ಲವೆ? ಯದುವೀರರು ಅವರಲ್ಲೇ ಒಬ್ಬರ ಮೊಮ್ಮಗ! ಶಾಪ ನಿಲ್ಲಬೇಕಾದರೆ ಹೆಣ್ಣುಮಕ್ಕಳನ್ನು ಎಣಿಸಬಾರದು. ಹೆಣ್ಣೊಬ್ಬಳ ಸಂಕಟದಿಂದ ಹುಟ್ಟಿದ ಕಥೆ ಹೀಗೆ ಲೆಕ್ಕ ಹಾಕುವುದು ವಿಚಿತ್ರವಲ್ಲವೆ?

ಹಾಗಾದರೆ ಈ ಕಥೆಯನ್ನು ಬಿಟ್ಟುಬಿಡಬೇಕೆ? ಖಂಡಿತ ಬೇಡ. ಶಾಪ ಕಳೆದರೂ ಕಥೆಯಲ್ಲಿ ಅಲಮೇಲಮ್ಮ ಉಳಿಯುತ್ತಾಳೆ. ಗಂಡ ಸತ್ತವಳ ಒಡವೆಗೆ ದಂಡು ಬಂದಾಗ ದೂರು ಕೊಡಲು ಆಕೆಗೆ ಕಚೇರಿಯಿರಲಿಲ್ಲ. ಜನ ಆಕೆಯ ಪರವಾಗಿ ಇದ್ದಬದ್ದ ಕೇಡುಗಳನ್ನೆಲ್ಲ ಸಾಕ್ಷಿ ಹಾಕಿ, ನಾಲ್ಕು ಶತಮಾನ ಆ ದೂರನ್ನು ನಡೆಸಿಕೊಂಡು ಬಂದಿದ್ದಾರೆ. ದಸರೆಯಲ್ಲಿ ಅರಮನೆಯೇ ಆಕೆಯ ವಿಗ್ರಹಕ್ಕೆ ಪೂಜೆ ಸಲ್ಲಿಸುತ್ತದೆ. ಇಂಗ್ಲಿಷ್ ಕಾದಂಬರಿಯ ದ್ವೀಪಕ್ಕೆ ಈ ಭಾಗ್ಯವಿಲ್ಲ.

ಮರುದಿನ ಹುಡುಗಿಗೆ ಇಷ್ಟನ್ನೂ ಹೇಳಿದೆವು. "ಹಾಗಾದರೆ ಶಾಪ ಕೊಟ್ಟದ್ದು ಅವಳಲ್ಲ, ಊರಿನವರು" ಎಂದಳು. ನಮ್ಮ ಮನೆಯವರು ಆಕೆಗೆ ಇನ್ನೊಂದು ಕೋಡುಬಳೆ ಕೊಟ್ಟರು.

ವಾಚಕರಲ್ಲಿ ನಮ್ಮ ಅರಿಕೆ ಇಷ್ಟೆ. ಅಲಮೇಲಮ್ಮನ ಕಥೆಯನ್ನು ನಿಮ್ಮ ಮಕ್ಕಳಿಗೆ ಅವಶ್ಯ ಹೇಳಿ. ಮೂರನೆಯ ಮಾತು ಹೇಳುವ ಮುನ್ನ ಮಾತ್ರ ಸುತ್ತ ಯಾರು ಕುಳಿತಿದ್ದಾರೆಂದು ಒಮ್ಮೆ ನೋಡಿ.