ಸುಝಾನ್ ವಲಾದೋನ್: ಇದ್ದಿಲಿನ ಗಟ್ಟಿ ಗೆರೆ

ಫ್ರೆಂಚ್ ಕಲಾವಿದೆ ಸುಝಾನ್ ವಲಾದೋನ್ (1865–1938) ದಟ್ಟ ಬಣ್ಣದ ತೈಲಚಿತ್ರಗಳಿಂದ ಹೆಚ್ಚು ಪರಿಚಿತರಾಗಿದ್ದರೂ, ಅವರ ಪ್ರತಿಭೆಯ ಬೇರು ಇರುವುದು ಇದ್ದಿಲು ಮತ್ತು ಸೀಸದಕಡ್ಡಿಯ ರೇಖಾಚಿತ್ರಗಳಲ್ಲಿ. ಕಲಾಶಾಲೆಯ ಶಿಕ್ಷಣವಿಲ್ಲದ ಅವರು ಪ್ಯಾರಿಸ್ಸಿನ ಮೋಂಮಾರ್ತ್ರ್ ಪ್ರದೇಶದಲ್ಲಿ ರೆನ್ವಾರ್, ಪ್ಯೂವಿ ದ ಶಾವಾನ್, ತುಲೂಸ್ ಲೊತ್ರೆಕ್ ಮೊದಲಾದವರಿಗೆ ರೂಪದರ್ಶಿಯಾಗಿ, ಎಂದರೆ ಚಿತ್ರಕಾರರೆದುರು ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಕೆಲಸ ಮಾಡಿ, ಕಲೆಯನ್ನು ಕಣ್ಣಿನಿಂದಲೇ ಕಲಿತರು.

ಗಾಳಿಯಾಡದ ಪಾತ್ರೆಯಲ್ಲಿ ತೆಳು ರೆಂಬೆಗಳನ್ನು ಸುಟ್ಟು ತಯಾರಿಸುವ ಇದ್ದಿಲುಕಡ್ಡಿ ಬೆರಳು ಸೋಕಿದರೂ ಹರಡುವ ಸಾಧನವಾದ್ದರಿಂದ, ಅದರಲ್ಲಿ ಮಂಜಿನಂಥ ಛಾಯೆಗಳನ್ನು ಮೂಡಿಸುವುದು ಸುಲಭ. ಆದರೆ ವಲಾದೋನ್ ಆ ಮೆದುತನದ ಆಮಿಷಕ್ಕೆ ಒಳಗಾಗದೆ, ದೇಹದ ಹೊರಗೆರೆಯನ್ನೇ ಒತ್ತಿ ಎಳೆದು, ಮೈಯ ಭಾರವನ್ನೂ ಬಾಗುವಿಕೆಯನ್ನೂ ಆ ಒಂದು ಗೆರೆಯಿಂದಲೇ ಹೇಳಿಸಿದರು. ಸ್ನಾನದ ತೊಟ್ಟಿಗೆ ಇಳಿಯುವ ಹುಡುಗಿ, ಪಕ್ಕದಲ್ಲಿ ಕುಳಿತ ಅಜ್ಜಿ, ಮುಂದೆ ತಾನೂ ಚಿತ್ರಕಾರನಾದ ಮಗ ಮೊರಿಸ್ ಉತ್ರಿಲ್ಲೊನ ಎಳೆಯ ಮೈ: ಇವರಾರೂ ನೋಡುಗರನ್ನು ಮೆಚ್ಚಿಸಲು ನಿಂತವರಲ್ಲ. ರೂಪದರ್ಶಿಯ ಬೆನ್ನುನೋವನ್ನು ಸ್ವತಃ ಬಲ್ಲವರ ಕೈಗಲ್ಲದೆ ಇಂಥ ಸಂಕೋಚವಿಲ್ಲದ ನಿಷ್ಠುರತೆ ಬೇರೆಯವರಿಗೆ ಅಷ್ಟು ಸುಲಭವಾಗಿ ಒಲಿಯಲಾರದು.

ಈ ಗೆರೆಯ ಬಲವನ್ನು ಮೊದಲೇ ಗುರುತಿಸಿದ ಹಿರಿಯ ಕಲಾವಿದ ಎಡ್ಗರ್ ದೆಗಾ (ಹೊಗಳಿಕೆ ಅವರಿಗೆ ಸುಲಭದ ಅಭ್ಯಾಸವಾಗಿರಲಿಲ್ಲ) ವಲಾದೋನ್ ಅವರ ಚಿತ್ರಗಳನ್ನು ಕೊಂಡುಕೊಂಡರಲ್ಲದೆ, ಮೆದು ಲೇಪ ಹಚ್ಚಿದ ಲೋಹದ ತಗಡಿನ ಮೇಲೆ ಕಾಗದವಿಟ್ಟು ಗೀಚಿ, ಲೇಪ ಕಿತ್ತುಬಂದ ಕಡೆ ಆಮ್ಲದಿಂದ ಕೊರೆಸುವ ಮುದ್ರಣ ವಿಧಾನವನ್ನೂ ಆಕೆಗೆ ಪರಿಚಯಿಸಿದರು. 1894ರಲ್ಲಿ ರಾಷ್ಟ್ರೀಯ ಲಲಿತಕಲಾ ಸಂಘದ ವಾರ್ಷಿಕ ಪ್ರದರ್ಶನದಲ್ಲಿ ವಲಾದೋನ್ ಅವರ ರೇಖಾಚಿತ್ರಗಳಿಗೆ ಸ್ಥಾನ ದೊರೆಯಿತು.