ನೂರಕ್ಕೆ ಎರಡರ ಧರ್ಮ

ಹಳ್ಳಿ ಕಡೆ 'ಕಾಲೋನಿ' ಅಂದರೆ ಊರಾಚೆಯ ಹೊಲಗೇರಿ, ಮಾದಿಗೇರಿ. ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಅದೇ ಪದ ತಿರುಗಾಮುರುಗಾ. ಇಲ್ಲಿಗೆ ನಮ್ಮ ಹೆಣ್ಣುಮಕ್ಕಳು ಬೆಳಗಿನ ಜಾವ ಪೊರಕೆ ಹಿಡಿದು ಬರುತ್ತಾರೆ, ಕೆಲಸ ಮುಗಿಸಿ ಹೋಗುತ್ತಾರೆ. ಈ ಸುತ್ತಿನ ಕಾಲೇಜುಗಳಲ್ಲಿ ಮ್ಯಾನೇಜ್‌ಮೆಂಟ್ ಓದುವ ಹುಡುಗರಿಗೆ ಸಿಗುವ ಪ್ರಾಜೆಕ್ಟುಗಳಲ್ಲಿ ಒಂದು ಸವೆದ ಪ್ರಶ್ನೆ ಉಂಟು: ಕಂಪನಿ ಸಮಾಜಸೇವೆ ಮಾಡಿದರೆ ಅದರ ಲಾಭ ಏರುತ್ತದೋ, ಇಳಿಯುತ್ತದೋ?

ಪ್ರಶ್ನೆ ಎಂಥದು ನೋಡಿ. ಹಸಿದವನಿಗೆ ಇಕ್ಕಿದ ಮೇಲೆ, ಇಕ್ಕಿದವನ ಹೊಟ್ಟೆ ಎಷ್ಟು ತುಂಬಿತು ಅಂತ ಅಳೆಯೋದು. ಉಂಡವನನ್ನ ಯಾರೂ ಕೇಳೋದಿಲ್ಲ.

1970ರಲ್ಲಿ ಅಮೆರಿಕದ ಮಿಲ್ಟನ್ ಫ್ರೀಡ್‌ಮನ್, ವ್ಯಾಪಾರದ ಸಾಮಾಜಿಕ ಹೊಣೆ ಲಾಭ ಹೆಚ್ಚಿಸುವುದೇ ಅಂತ ಬರೆದ. ಒರಟು ಮಾತು, ಆದರೆ ಮುಸುಕಿರಲಿಲ್ಲ. ಆಮೇಲಿನ ಪಂಡಿತರು ಮುಸುಕು ಹೊದಿಸಿದರು: ಧರ್ಮ ಮಾಡಿ, ಲಾಭವೂ ಬರುತ್ತದೆ, ಅಂಜಬೇಡಿ! ನಮ್ಮಲ್ಲಿ 2013ರ ಕಂಪನಿ ಕಾಯಿದೆಯ 135ನೇ ಕಲಂ ದೊಡ್ಡ ಕಂಪನಿಗಳಿಗೆ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡನ್ನು ಇದಕ್ಕೆ ಎತ್ತಿಡಿ ಅಂದಿತು. ಮಂಚಿರಾಜು ಮತ್ತು ರಾಜಗೋಪಾಲ್ ಎಂಬ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕಾಯಿದೆಯಿಂದ ಖರ್ಚು ಮಾಡಲೇಬೇಕಾದ ಕಂಪನಿಗಳ ಷೇರು ಬೆಲೆ ಸರಾಸರಿ ಶೇ. 4.1ರಷ್ಟು ಬಿತ್ತು. ಎರಡು ರೂಪಾಯಿ ಬಡವನ ಕಡೆ ಹೋದೀತು ಅಂದರೆ ಪೇಟೆಗೆ ಇಷ್ಟು ನಡುಕ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಜಾಹೀರಾತಿಗೆ ಹೆಚ್ಚು ಸುರಿಯುವ ಕಂಪನಿಗಳಿಗೆ ಈ ಪೆಟ್ಟು ತಟ್ಟಲಿಲ್ಲ. ಸೇವೆಯನ್ನ ಸಾರುವ ತಮಟೆ ಅವರ ಹತ್ತಿರ ಮೊದಲೇ ಇತ್ತಲ್ಲ!

ಆ ಎರಡು ರೂಪಾಯಿ ಬೇಡ ಅನ್ನುವ ಜಂಬ ನಮಗಿಲ್ಲ. ಅದರಲ್ಲಿ ಎದ್ದ ಶಾಲೆ ಕೊಠಡಿಯಲ್ಲಿ ನಮ್ಮ ಮಕ್ಕಳೂ ಕೂರುತ್ತವೆ. ಆದರೆ ಲೆಕ್ಕವನ್ನ ಬುಡದಿಂದ ಹಾಕಬೇಕು. ಕಂಪನಿ ನೆಲ ಒರೆಸುವವಳು ಗುತ್ತಿಗೆದಾರನ ಆಳು. ಅವಳ ಕೂಲಿ ಕಂಪನಿಗೆ ಖರ್ಚು. ಆ ಖರ್ಚಿನಲ್ಲಿ ನೂರು ರೂಪಾಯಿ ಉಳಿಸಿದರೆ ಲಾಭ ನೂರು ಏರುತ್ತದೆ. ಸರಾಸರಿ ಹಿಡಿದು ಹಾಕಿದರೂ ಕೊನೆಗೆ ಧರ್ಮಕ್ಕೆ ಹೋಗೋದು ಎರಡೇ. ತೊಂಬತ್ತೆಂಟು ಒಳಗೇ ಉಳಿಯಿತು. ಎರಡು ರೂಪಾಯಿ ಅವಳ ಮಗನ ಸ್ಕೂಲ್ ಬ್ಯಾಗಾಗಿ, ಮೇಲೆ ಕಂಪನಿ ಹೆಸರು ಅಚ್ಚಾಗಿ, ಫೋಟೋ ಸಮೇತ ವಾಪಸು ಬರುತ್ತದೆ. ಕೂಲಿ ಕೊಟ್ಟಿದ್ದರೆ ಬ್ಯಾಗನ್ನ ಅವಳೇ ತರುತ್ತಿದ್ದಳು, ಯಾರಿಗೂ ಕೈ ಮುಗಿಯದೆ. ಸ್ವಂತ ನೌಕರರಿಗೆ ಮಾಡಿದ್ದನ್ನ ಈ ಲೆಕ್ಕಕ್ಕೆ ಸೇರಿಸಬಾರದು ಅಂತ ನಿಯಮವಿದೆ, ಅದು ಸರಿಯೇ. ಕೂಲಿ ದಾನವಲ್ಲ.

ಖಾಸಗಿ ವಲಯದಲ್ಲಿ ಮೀಸಲಾತಿಯ ಮಾತು 2006ರಲ್ಲಿ ಎದ್ದಾಗ ಉದ್ಯಮಿಗಳ ಸಂಘಗಳು ಕಾಯಿದೆ ಬೇಡ, ನಾವೇ ಸ್ವಇಚ್ಛೆಯಿಂದ ಮಾಡುತ್ತೇವೆ ಅಂದವು. ಸರಿ, ಮಾಡಿದ್ದನ್ನ ತೋರಿಸಲಿ. 2022–23ರಿಂದ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಸೆಬಿಗೆ ಹೊಣೆಗಾರಿಕೆಯ ವರದಿ ಕೊಡಲೇಬೇಕು. ಅದರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಅಂಗವಿಕಲರೆಷ್ಟು, ಕನಿಷ್ಠ ಕೂಲಿ ಸಿಕ್ಕವರೆಷ್ಟು ಅಂತ ಕೇಳಿದ್ದಾರೆ. ನೀರು, ಹೊಗೆ, ಕಸ ಎಲ್ಲಕ್ಕೂ ಕಾಲಂ ಇದೆ. ಜಾತಿಗೆ ಕಾಲಂ ಇಲ್ಲ. ಕಸದ ತೂಕ ಬೇಕು, ಕಸ ಎತ್ತುವವರು ಯಾರು ಅನ್ನೋದು ಬೇಡ.

ಪ್ರಾಜೆಕ್ಟ್ ಬರೆಯುವ ಹುಡುಗರೇ, ಆ ಕಾಲಂ ನೀವೇ ಗೆರೆ ಹಾಕಿಕೊಳ್ಳಿ. ಮ್ಯಾನೇಜರನ ಕೋಣೆಗೆ ಹೋಗುವ ಮುಂಚೆ ಹಿಂದಿನ ಗೇಟಿನಲ್ಲಿ ನಿಂತು, ಪಾಳಿ ಮುಗಿಸಿ ಬರುವ ಅಕ್ಕಂದಿರನ್ನ ಕೇಳಿ: ಕೈಗೆ ಎಷ್ಟು ಬರುತ್ತದೆ, ಪಿ.ಎಫ್. ಕಟ್ಟಿದ್ದಾರಾ, ಯಾವ ಕೇರಿ.